ಸಹಾಯ ಬೇಕು: ಕಾರ್ಬುರೇಟರ್‌ಗೆ ತಣ್ಣನೆ ಗಾಳಿ ಕೊಟ್ಟ ಮೇಲೆ ಹೊಸ ತಲೆನೋವು
ನನ್ನ ಹಳೇ ಕಾರಿನಲ್ಲಿ ವೆಬರ್ ಕಂಪನಿಯ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ) ಇದೆ. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದು ಎಂಜಿನ್ ಮಂಕಾಗುತ್ತಿತ್ತು. ಗಾಳಿ 3 ಡಿಗ್ರಿ ತಣ್ಣಗಾದರೆ ಸಾಂದ್ರತೆ ಸುಮಾರು 1% ಜಾಸ್ತಿ, ಲಾಭವೇ ಅಲ್ವಾ ಅಂತ ಏರ್ ಫಿಲ್ಟರ್ ಡಬ್ಬಿಯ ಮೂತಿಗೆ 3 ಇಂಚಿನ ಪೈಪ್ ಸಿಕ್ಕಿಸಿ, ರೇಡಿಯೇಟರ್ ಪಕ್ಕದಿಂದ ನೇರ ಗ್ರಿಲ್ ಹಿಂದಕ್ಕೆ ತಂದೆ. (ಜಾಗ ಸಾಲದೆ ಹಾರ್ನ್ ಬಿಚ್ಚಿದ್ದು ಇನ್ನೂ ವಾಪಸ್ ಹಾಕಿಲ್ಲ!)

ಈಗ ನಿಧಾನಕ್ಕೆ ಹೋದರೆ ಚೆನ್ನಾಗಿದೆ. ವೇಗ ಏರಿದರೆ ಮಾತ್ರ ಮುಗ್ಗರಿಸುತ್ತದೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣ ಬಳಿದ ಹಾಗೆ ಬಿಳಿ. ಪೆಟ್ರೋಲ್ ಸಾಲುತ್ತಿಲ್ಲ ಅನ್ನೋದು ಗ್ಯಾರಂಟಿ. ಸುಮ್ನೆ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಒಂದು ಸೈಜ್ ದೊಡ್ಡದು ಹಾಕಲಾ? ಅಥವಾ ಫ್ಲೋಟ್ ಬೌಲ್‌ನ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಗಾಳಿ ಕಿಂಡಿ ಫಿಲ್ಟರ್ ಡಬ್ಬಿಯ ಹೊರಗಿದೆ, ಪೈಪ್‌ನಲ್ಲಿ ನುಗ್ಗುವ ಎದುರುಗಾಳಿಯ ಒತ್ತಡ ಅದಕ್ಕೆ ಸಿಗದೇ, ಪೆಟ್ರೋಲ್ ಸಾಕಷ್ಟು ಮೇಲೇರದೆ ಹೀಗಾಗುತ್ತಿದೆಯಾ? ನನಗೆ ಎರಡನೆಯದರ ಮೇಲೇ ಅನುಮಾನ. ಇದನ್ನು ಸರಿ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಪೈಪ್ ಎಲ್ಲಿ ತಿರುಗಿಸಿದಿರಿ ಅಂತ ಒಂದು ಫೋಟೋನೂ ಹಾಕಿ.