ಮೊಣಕೈ ನೋವಿಗೆ ಪಿ.ಆರ್.ಪಿ. ಚುಚ್ಚುಮದ್ದು: ಪ್ರಯೋಜನವಿದೆಯೇ?

ಪ್ರಶ್ನೆ: ಟೆನಿಸ್ ಎಲ್ಬೋ (ಮೊಣಕೈಯ ಹೊರಬದಿಯ) ನೋವು ವ್ಯಾಯಾಮದಿಂದ ಪೂರ್ತಿ ಶಮನವಾಗದ ಕಾರಣ ವೈದ್ಯರು ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ (ಪಿ.ಆರ್.ಪಿ.) ಚಿಕಿತ್ಸೆಯನ್ನು ಸೂಚಿಸಿದ್ದಾರೆ. ಇದು ಸ್ಟಿರಾಯ್ಡ್‌ಗಿಂತ ಉತ್ತಮವೇ?

ಉತ್ತರ 1: ನಿಮ್ಮದೇ ರಕ್ತವನ್ನು ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಕೆಂಪು ಕಣಗಳು ತಳಕ್ಕಿಳಿದು ಮೇಲೆ ತಿಳಿಹಳದಿ ಪ್ಲಾಸ್ಮಾ ನಿಲ್ಲುತ್ತದೆ, ಅದರಲ್ಲಿ ಪ್ಲೇಟ್‌ಲೆಟ್‌ಗಳು ಸಾಂದ್ರವಾಗಿರುವ ಭಾಗವನ್ನು, ಅನೇಕ ವೇಳೆ ಅಲ್ಟ್ರಾಸೌಂಡ್ ನೆರವಿನಿಂದ, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವಿಗೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳು ಅಂಗಾಂಶದ ದುರಸ್ತಿಗೆ ನೆರವಾಗುತ್ತವೆ ಎಂಬುದು ಇದರ ಹಿಂದಿನ ತರ್ಕ. ಸ್ಟಿರಾಯ್ಡ್ ನೋವನ್ನು ಬೇಗ ಇಳಿಸುತ್ತದೆ, ಆದರೆ ಕೆಲವು ತಿಂಗಳಲ್ಲಿ ಅದು ಮರುಕಳಿಸುವುದುಂಟು.

ಉತ್ತರ 2: ತರ್ಕ ಚೆನ್ನಾಗಿದೆ, ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಇದೇ ಮೊಣಕೈ ನೋವನ್ನು ಕುರಿತ 2021ರ ಕಾಕ್ರೇನ್ ವಿಮರ್ಶೆಯು (ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ವರದಿ), ಹುಸಿ ಚುಚ್ಚುಮದ್ದಿಗೆ ಹೋಲಿಸಿದರೆ ಪಿ.ಆರ್.ಪಿ.ಯಿಂದ ಗಮನಾರ್ಹ ಲಾಭ ಬಹುಶಃ ಇಲ್ಲವೆಂದು ತೀರ್ಮಾನಿಸಿತು. ಒಂದೊಂದು ಯಂತ್ರದಿಂದ ಹೊರಬರುವ ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ಕಣಗಳ ಪ್ರಮಾಣ ಬೇರೆ ಬೇರೆಯಾಗಿರುವುದರಿಂದ (ಹೆಸರು ಮಾತ್ರ ಒಂದೇ!) ಅಧ್ಯಯನಗಳನ್ನು ಹೋಲಿಸುವುದೂ ಕಷ್ಟ. ನನ್ನ ಅಭಿಪ್ರಾಯದಲ್ಲಿ, ವ್ಯಾಯಾಮವನ್ನು ಇನ್ನಷ್ಟು ಕಾಲ ಕ್ರಮಬದ್ಧವಾಗಿ ಮುಂದುವರಿಸುವುದೇ ಲೇಸು.

ಉತ್ತರ 3: ಮಾಡಿಸಿಕೊಳ್ಳುವುದಾದರೆ, ಮೊದಲ ಕೆಲವು ದಿನ ನೋವು ಹೆಚ್ಚಬಹುದು. ಐಬುಪ್ರೊಫೆನ್‌ನಂತಹ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕಾರ್ಯವನ್ನು ತಗ್ಗಿಸುವ ಕಾರಣ, ಅವುಗಳನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಮುಂಚೆಯೇ ಕೇಳಿ. ರಕ್ತ ತೆಳುವಾಗಿಸುವ ಔಷಧಿಯನ್ನು ಮಾತ್ರ ತಾವಾಗಿಯೇ ಬಿಡಬೇಡಿ.