ಆರ್ಟಿಸ್ಟ್ಸ್ ಬ್ಲಫ್: ಅಪ್ಪ, ಅಮ್ಮ, ಆರು ವರ್ಷದ ಮಗಳ ಜೊತೆ ಯಾವ ಕಡೆಯಿಂದ ಹತ್ತಬೇಕು?

ಪ್ರಶ್ನೆ (ಬಾಸ್ಟನ್ ವಾಸಿ):
ಅಕ್ಟೋಬರ್ ಮೊದಲ ವಾರ ನ್ಯೂ ಹ್ಯಾಂಪ್‌ಶೈರ್‌ನ ಫ್ರಾಂಕೋನಿಯಾ ನಾಚ್‌ಗೆ (ಬೆಟ್ಟಗಳ ನಡುವಿನ ಕಣಿವೆದಾರಿ) ಹೋಗಿ ಅದೇ ದಿನ ವಾಪಸ್ ಬರುವ ಯೋಚನೆ ಇದೆ. ಊರಿಂದ ಬಂದಿರುವ ಅಪ್ಪ ಅಮ್ಮನಿಗೆ 65 ದಾಟಿದೆ, ಅಮ್ಮನಿಗೆ ಮಂಡಿನೋವು. ಎಲೆಯ ಬಣ್ಣ ಚೆನ್ನಾಗಿ ಕಾಣುವ, ಜಾಸ್ತಿ ಹತ್ತಬೇಕಿಲ್ಲದ ಬಂಡೆ ಎಂದು ಎಲ್ಲರೂ ಆರ್ಟಿಸ್ಟ್ಸ್ ಬ್ಲಫ್ ಹೆಸರು ಹೇಳುತ್ತಾರೆ. ಎರಡು ದಾರಿ ಇದೆಯಂತೆ. ಯಾವುದು ಸುಲಭ? ಎಷ್ಟು ಹೊತ್ತಿಗೆ ಅಲ್ಲಿರಬೇಕು?

ಉತ್ತರ (ಚಾರಣಪ್ರಿಯ):
ದೂರ ನೋಡಿ ದಾರಿ ಆರಿಸಬೇಡಿ, ಹೆಚ್ಚಿನವರು ಎಡವುವುದು ಅಲ್ಲೇ. ಎಕೋ ಲೇಕ್ ಹತ್ತಿರದ ಪೂರ್ವದ ದಾರಿ ಕಾಲು ಮೈಲು ಮಾತ್ರ. ಆದರೆ ಅಷ್ಟೂ ಕಡಿದಾದ ಕೊರಕಲು: ಸಡಿಲ ಜಲ್ಲಿ, ಮೊಣಕಾಲೆತ್ತರದ ಕಲ್ಲುಗಳು. ಹತ್ತುವುದಾದರೂ ಪರವಾಗಿಲ್ಲ, ನೋಯುವ ಮಂಡಿಯಲ್ಲಿ ಅದನ್ನು ಇಳಿಯುವುದು ಬೇಡವೇ ಬೇಡ.

I-93 ಹೆದ್ದಾರಿಯಲ್ಲಿ ಎಕ್ಸಿಟ್ 34ಸಿ ತಗೊಂಡು ರೂಟ್ 18ಕ್ಕೆ ಬನ್ನಿ. ಕ್ಯಾನನ್ ಸ್ಕೀ ಬೆಟ್ಟದ ಪೀಬಾಡಿ ಪಾರ್ಕಿಂಗ್ ಎದುರಿನಿಂದ ಪಶ್ಚಿಮದ ದಾರಿ ಶುರುವಾಗುತ್ತದೆ. ಅದು ಹಳೆಯ ಗಾಡಿರಸ್ತೆ. ಅಗಲವಾಗಿದೆ, ಏರು ನಿಧಾನ. ಸ್ವಲ್ಪ ಹೊತ್ತಿನಲ್ಲೇ ಎರಡು ದಿಬ್ಬಗಳ ನಡುವಿನ ತಗ್ಗು ಸಿಗುತ್ತದೆ. ಎಡಕ್ಕೆ ಹೋದರೆ ಬಾಲ್ಡ್ ಮೌಂಟನ್. ಕೊನೆಗೆ ಕೈ ಊರಿ ಬಂಡೆ ಹತ್ತಬೇಕು, ಹಿರಿಯರಿಗೆ ಬಿಟ್ಟುಬಿಡಿ. ಬಲಕ್ಕೆ ಕಾಡಿನೊಳಗೆ ಸಣ್ಣ ಏರಿಳಿತ ದಾಟಿ, ಕೊನೆಯಲ್ಲಿ ಸ್ವಲ್ಪ ಇಳಿದರೆ ಬ್ಲಫ್‌ಗೆ ಕವಲು ಸಿಗುತ್ತದೆ. ನೋಡಿ, ಬಂದ ದಾರಿಯಲ್ಲೇ ಹಿಂತಿರುಗಿ. ಬಾಲ್ಡ್ ಮೌಂಟನ್ ಸೇರಿಸಿ ಪೂರ್ತಿ ಸುತ್ತು ಹಾಕಿದರೂ ಸುಮಾರು ಒಂದೂವರೆ ಮೈಲು ಅಷ್ಟೇ, ಆದರೆ ಆ ಸುತ್ತಿನಲ್ಲಿ ಕೊರಕಲು ತಪ್ಪುವುದಿಲ್ಲ. ಜನ ಜಾಸ್ತಿ ಇರುವ ದಿನ ಏಕಮುಖ ಎಂದು ಫಲಕ ಹಾಕಿದ್ದರೆ ಅದನ್ನೇ ಪಾಲಿಸಿ. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಬದಿಗೆ ಸರಿಯಲು ಜಾಗವಿರುವುದಿಲ್ಲ.

ಬ್ಲಫ್‌ನಲ್ಲಿ ಕಂಬಿ ಇಲ್ಲ. ಬಂಡೆ ಮುಂದಕ್ಕೆ ಇಳಿಜಾರಾಗಿ ನೇರ ಕೆಳಗೆ ಬೀಳುತ್ತದೆ. ಮಗಳನ್ನು ಹಿಂದಿನ ಮಟ್ಟಸದ ಜಾಗದಲ್ಲೇ ಕೂರಿಸಿ, ಒಬ್ಬರು ಕೈ ಹಿಡಿದಿರಿ.

ಉತ್ತರ (ಎಲೆ ಉದುರುವ ಕಾಲ):
ಬಣ್ಣದ ವಿಷಯ: ಬಾಸ್ಟನ್‌ನ ಮರ ನೋಡಿ ಲೆಕ್ಕ ಹಾಕಬೇಡಿ. ನಾಚ್ ಉತ್ತರಕ್ಕೂ ಎತ್ತರಕ್ಕೂ ಇರುವುದರಿಂದ ಅಲ್ಲಿ ಬಣ್ಣ ಬಹಳ ಮೊದಲೇ ಏರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಆಸುಪಾಸಿನವರೆಗೆ ಒಳ್ಳೆಯ ಕಾಲ. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದರೆ ಮೇಪಲ್ ಕೆಂಪು ಗಾಢವಾಗುತ್ತದೆ, ಏಕೆಂದರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದಲೇ ಆ ಕೆಂಪು ತಯಾರಾಗುವುದು. ಜೋರು ಗಾಳಿಮಳೆ ಬಂದರೆ ಒಂದೇ ರಾತ್ರಿಗೆ ಎಲ್ಲ ಉದುರಿಹೋಗಬಹುದು. ಹಾಗಾಗಿ ಬೇರೆ ದಿನಕ್ಕೂ ಅವಕಾಶ ಇಟ್ಟುಕೊಳ್ಳಿ.

ಬ್ಲಫ್ ದಕ್ಷಿಣಕ್ಕೆ ಮುಖ ಮಾಡಿದೆ. ಕೆಳಗೆ ಎಕೋ ಲೇಕ್, ಬಲಕ್ಕೆ ಕ್ಯಾನನ್, ಎಡಕ್ಕೆ 5,249 ಅಡಿಯ ಲಫಯೆಟ್ ಬೆಟ್ಟ. ಬೆಳಿಗ್ಗೆ ಬಿಸಿಲು ಕ್ಯಾನನ್ ಮೇಲೆ ಬೀಳುತ್ತದೆ, ಸಂಜೆ ಲಫಯೆಟ್ ಮೇಲೆ. ಆ ವಾರ ಸೂರ್ಯೋದಯ ಸುಮಾರು 6:50ಕ್ಕೆ, ಆದರೆ ಲಫಯೆಟ್ ಸಾಲು ದಾಟಿ ಬಿಸಿಲು ಕಣಿವೆಗೆ ಇಳಿಯಲು ಇನ್ನೂ ಹೊತ್ತು ಬೇಕು. ವಾರದ ದಿನ 8 ಗಂಟೆಯೊಳಗೆ ಅಲ್ಲಿದ್ದರೆ ಬೆಳಕೂ ಸಿಗುತ್ತದೆ, ಪಾರ್ಕಿಂಗೂ ಸಿಗುತ್ತದೆ. ಅಕ್ಟೋಬರ್ ಎರಡನೇ ಸೋಮವಾರದ ರಜೆಯ ವಾರಾಂತ್ಯ ಮಾತ್ರ ಬೇಡ. ನಾಚ್ ಒಳಗೆ ಹೆದ್ದಾರಿ ಒಂದೊಂದು ಕಡೆಗೆ ಒಂದೇ ಲೇನ್ ಆಗುತ್ತದೆ, ಗಾಡಿಗಳು ಸಾಲುಗಟ್ಟುತ್ತವೆ. ಜಾಗ ಸಿಗಲಿಲ್ಲವೆಂದು ರಸ್ತೆಬದಿಯಲ್ಲಿ ನಿಲ್ಲಿಸಲೂಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಶೂ ಬಗ್ಗೆ ಹೇಳಿ. ಅಮ್ಮ ಹತ್ತುವುದಿಲ್ಲ ಎಂದರೆ ಕೆಳಗೆ ಏನಿದೆ?

ಉತ್ತರ (ಚಾರಣಪ್ರಿಯ):
ಒಣಗಿದ ಗ್ರಾನೈಟ್ ನಮ್ಮ ಸಾವನದುರ್ಗದ ಬಂಡೆಯ ಹಾಗೆ ಕಾಲು ಕಚ್ಚಿ ಹಿಡಿಯುತ್ತದೆ. ಜಾರಿಸುವುದು ಅದರ ಮೇಲೆ ಬಿದ್ದ ಒದ್ದೆ ಎಲೆ. ಎಲೆಯ ಕೆಳಗೆ ಬೇರೋ ಕಲ್ಲೋ ಇರುವುದೂ ಕಾಣುವುದಿಲ್ಲ. ಗೀರು ಸವೆಯದ ರಬ್ಬರ್ ತಳದ ಶೂ ಸಾಕು, ಚಪ್ಪಲಿ ಬೇಡ. ಅಪ್ಪನಿಗೂ ಒಂದು ಜೊತೆ ಟ್ರೆಕಿಂಗ್ ಕೋಲು ಕೊಡಿ, ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಹತ್ತಿ ಬಟ್ಟೆ ಬೆವರು ಹಿಡಿದಿಟ್ಟುಕೊಂಡು ತುದಿಯ ಗಾಳಿಗೆ ಮೈ ಕೊರೆಯುತ್ತದೆ. ಉಣ್ಣೆ ಅಥವಾ ಫ್ಲೀಸ್, ಮೇಲೊಂದು ಗಾಳಿತಡೆ ಜಾಕೆಟ್ ಇರಲಿ. ಮಧ್ಯಾಹ್ನ ತಡವಾಗಿ ಹೊರಟರೆ ಹೆಡ್‌ಲ್ಯಾಂಪ್ ಬೇಕು, ಸೂರ್ಯಾಸ್ತ 6:20ರ ಸುಮಾರಿಗೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲು.

ಅಮ್ಮನಿಗೆ ಎಕೋ ಲೇಕ್ ದಡವೇ ಸಾಕಷ್ಟು ಚೆಂದ, ಕೂತು ನೋಡಬಹುದು. ಎಕ್ಸಿಟ್ 34ಬಿಯಲ್ಲಿ ಪ್ರೊಫೈಲ್ ಲೇಕ್ ಪಕ್ಕದ ಪ್ಲಾಜಾ ಕೂಡ ಇದೆ. ಬೆಟ್ಟದ ಮೇಲಿದ್ದ ‘ಓಲ್ಡ್ ಮ್ಯಾನ್’ ಶಿಲಾಮುಖ 2003ರ ಮೇ 3ರಂದು ಕುಸಿಯಿತು. ಅಲ್ಲಿ ನಿಲ್ಲಿಸಿರುವ ಉಕ್ಕಿನ ಕಂಬಗಳ ಅಂಚನ್ನು ಸರಿಯಾದ ಜಾಗದಿಂದ ನೋಡಿದರೆ ಆ ಮುಖ ಮತ್ತೆ ಬೆಟ್ಟದ ಮೇಲೆ ಕೂರುತ್ತದೆ. ಮಗಳಿಗೂ ಖುಷಿಯಾಗುತ್ತದೆ, ಹತ್ತುವ ಕಷ್ಟವೂ ಇಲ್ಲ.