1951ರ ಷೆವರ್ಲೆ ಲಾರಿಗೆ ಮುಂದಿನ ಗಾಜು ಕೂರಿಸುವಾಗ ಮೂಲೆಯಲ್ಲಿ ಬಿರುಕು: ಕಾರಣವೇನು, ಸರಿಯಾದ ಕ್ರಮ ಯಾವುದು?

ತೋಟದ_ಲಾರಿ (ಪ್ರಶ್ನೆ)

ನಮ್ಮ ಕಾಫಿ ತೋಟದಲ್ಲಿ ಬಹುಕಾಲ ದುಡಿದು, ಆಮೇಲೆ ಶೆಡ್ಡು ಸೇರಿದ್ದ 1951ರ ಷೆವರ್ಲೆ ಲಾರಿಯನ್ನು ಮೂಲಸ್ಥಿತಿಗೆ ತರುವ ಕೆಲಸ ಕೊನೆಯ ಹಂತಕ್ಕೆ ಬಂದಿದೆ. ಜನರಲ್ ಮೋಟಾರ್ಸ್ ಮುಂಬೈಯ ಸೇವ್ರಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿದ್ದ ಕಾಲದ ಗಾಡಿ ಇದು. ಕ್ಯಾಬಿನ್ ಇಲ್ಲಿನ ಬಡಗಿಗಳು ಕಟ್ಟಿದ್ದಲ್ಲ, ಕಂಪನಿಯದೇ ತಗಡಿನ ಕ್ಯಾಬಿನ್. ಮುಂದಿನ ಗಾಜು ಎರಡು ಸಮತಟ್ಟು ಹೋಳುಗಳಾಗಿದ್ದು, ನಡುವೆ ಒಂದು ಪಟ್ಟಿಯಿದೆ.

ಮಲೆನಾಡಿನ ಮಳೆಯಲ್ಲಿ ಹಳೆಯ ಬೀಡಿಂಗಿನೊಳಗೆ (ಗಾಜನ್ನು ಚೌಕಟ್ಟಿನ ತಗಡಿಗೆ ಹಿಡಿದಿಡುವ ರಬ್ಬರ್ ಪಟ್ಟಿ) ನೀರು ನಿಂತು, ಗಾಜಿನ ಚೌಕಟ್ಟಿನ ಕೆಳ ಅಂಚಿನ ತಗಡು ಎರಡೂ ಮೂಲೆಗಳಲ್ಲಿ ತುಕ್ಕು ಹಿಡಿದು ಉದುರಿಹೋಗಿತ್ತು. ಟಿಂಕರಿಂಗ್ ಮಾಡಿದವರು ಅಲ್ಲಿ ಹೊಸ ತಗಡು ಬೆಸೆದು, ಪುಟ್ಟಿ ಎಳೆದು, ಬಣ್ಣ ಹೊಡೆದುಕೊಟ್ಟರು. ಹೊಸ ಬೀಡಿಂಗನ್ನು ಅಮೆರಿಕದಿಂದ ತರಿಸಿದ್ದೇನೆ; ಗಾಜನ್ನು ಇಲ್ಲಿಯೇ ಹಳೆಯ ಹೋಳುಗಳ ಅಳತೆಗೆ ಕತ್ತರಿಸಿಕೊಂಡಿದ್ದೇವೆ. ಕಳೆದ ವಾರ ಪೇಟೆಯ ಗಾಜಿನ ಅಂಗಡಿಯವರು ಬಂದು ಕೂರಿಸುತ್ತಿದ್ದಾಗ, ಮುಕ್ಕಾಲು ಭಾಗ ಒಳಗೆ ಹೋದ ಮೇಲೆ, ಚಾಲಕನ ಬದಿಯ ಹೋಳು ಕೆಳಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ಬೀಡಿಂಗ್ ಗಟ್ಟಿಯಾಗಿರುವುದೇ ಕಾರಣವೆಂದು ಅವರು ಹೇಳಿ ಹೋದರು.

ನನ್ನ ಪ್ರಶ್ನೆಗಳು ಮೂರು. ಬಿರುಕಿಗೆ ನಿಜವಾದ ಕಾರಣವನ್ನು ಪತ್ತೆಮಾಡುವುದು ಹೇಗೆ? ಇಲ್ಲಿ ಅಡಿ ಲೆಕ್ಕದಲ್ಲಿ ಸಿಗುವ ಮೆತ್ತನೆಯ ಬೀಡಿಂಗ್ ಬಳಸಿದರೆ ಕೆಲಸ ಸುಲಭವಾದೀತೇ? ಬೀಡಿಂಗಿನೊಳಗೆ ಸಿಲಿಕಾನ್ ಹಾಕಬೇಕೇ, ಬೇಡವೇ?

ಗಾಜು_ಮತ್ತು_ತಗಡು

ಬಿರುಕು ಬಿಟ್ಟ ಹೋಳನ್ನು ಎಸೆಯಬೇಡಿ, ಕಾರಣ ಅದರಲ್ಲಿಯೇ ಬರೆದಿರುತ್ತದೆ. ಮುಂದಿನ ಗಾಜಿಗೆ ಬಳಸುವ ಲ್ಯಾಮಿನೇಟೆಡ್ ಗಾಜೆಂದರೆ ಎರಡು ತೆಳುಗಾಜುಗಳ ನಡುವೆ ಪಿವಿಬಿ ಎಂಬ ಪಾರದರ್ಶಕ ಹಾಳೆಯನ್ನಿಟ್ಟು ಅಂಟಿಸಿದ್ದು. ಬಗ್ಗಿಸಿದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಪದರ ಮಾತ್ರ ಬಿರಿಯುತ್ತದೆ. ಉಗುರನ್ನು ಎರಡೂ ಮೈಗಳ ಮೇಲೆ ಅಡ್ಡಡ್ಡಲಾಗಿ ಎಳೆದು ನೋಡಿ, ಯಾವ ಮೈಯಲ್ಲಿ ಉಗುರು ಸಿಕ್ಕುತ್ತದೆಯೋ ಆ ಪದರ ಬಿರಿದಿದೆ. ಗಾಜು ಒತ್ತಡವನ್ನು ಎಷ್ಟಾದರೂ ತಡೆಯುತ್ತದೆ, ಎಳೆತವನ್ನು ತಡೆಯದು. ಆದ್ದರಿಂದ ಬಗ್ಗಿದಾಗ ಉಬ್ಬಿದ ಮೈಯೇ ಮೊದಲು ಬಿರಿಯುತ್ತದೆ. ಒಳಮೈ ಬಿರಿದಿದ್ದರೆ, ಅಂಚು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿರುವಾಗ ಹೊರಗಿನವರು ಗಾಜಿನ ನಡುವನ್ನು ಅದುಮಿದ್ದಾರೆ ಎಂದು ತಿಳಿಯಬಹುದು. ಹೊರಮೈ ಬಿರಿದಿದ್ದರೆ, ಉಳಿದ ಭಾಗ ಆಗಲೇ ಕುಳಿತಿದ್ದು ಮೂಲೆಯೊಂದು ಮಾತ್ರ ಒಳಹೋಗಲು ಒಪ್ಪದೆ ನಿಂತಾಗ, ಆ ಮೂಲೆಯನ್ನೇ ಒತ್ತಿದ್ದಾರೆ ಎಂದು ಅರ್ಥ.

ಇನ್ನೊಂದನ್ನೂ ನೋಡಿ. ಬಿರುಕು ಹುಟ್ಟಿದ ಜಾಗದಲ್ಲಿ ಗಾಜಿನ ಅಂಚು ಚಿಪ್ಪಿನಂತೆ ಎದ್ದಿದ್ದರೆ, ಕತ್ತರಿಸಿದ ಮೇಲೆ ಅಂಚನ್ನು ಉಜ್ಜಿ ನಯಮಾಡಿಲ್ಲ. ಕತ್ತರಿಸಿದ ಅಂಚಿನ ಸಣ್ಣ ಸೀಳು ಎಷ್ಟೇ ನಾಜೂಕಾಗಿ ಕೂರಿಸಿದರೂ ದೊಡ್ಡದಾಗಿಯೇ ತೀರುತ್ತದೆ. ಕೆಲವೊಮ್ಮೆ ಕೂರಿಸಿದ ದಿನವಲ್ಲ, ಗಾಡಿ ಮೊದಲ ಹಳ್ಳಕ್ಕೆ ಇಳಿದಾಗ.

ಇಷ್ಟಾದರೂ ನನ್ನ ಅನುಮಾನ ಬೀಡಿಂಗಿನ ಮೇಲಿಲ್ಲ, ಬೆಸೆದ ತಗಡಿನ ಮೇಲಿದೆ. ಹಳೆಯ ಅಂಚಿನ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆದಿದ್ದರೆ ದಪ್ಪ ಒಂದೇ ಸಲಕ್ಕೆ ಹೆಚ್ಚುತ್ತದೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಬೀಡಿಂಗಿನಲ್ಲಿ ಎರಡು ಸೀಳುಗಳಿವೆ, ಒಂದು ಗಾಜಿಗೆ, ಇನ್ನೊಂದು ತಗಡಿಗೆ; ತಗಡಿಗೆಂದು ಇರುವ ಸೀಳು ಮೂಲ ದಪ್ಪಕ್ಕೆ ಮಾಡಿದ್ದು. ವರ್ನಿಯರ್ ತೆಗೆದುಕೊಂಡು ಚೌಕಟ್ಟಿನ ಸುತ್ತ ಗೇಣಿಗೊಂದು ಕಡೆ ದಪ್ಪವನ್ನು ಅಳೆಯಿರಿ. ಮೇಲಿನ ಅಂಚಿನಲ್ಲಿ, ಅಂದರೆ ಯಾರೂ ಮುಟ್ಟದ ಜಾಗದಲ್ಲಿ, ಬರುವ ಅಳತೆಯೇ ನಿಮಗೆ ಮಾದರಿ. ಆಮೇಲೆ ಒಂದು ಹೋಳಿನ ಆಕಾರಕ್ಕೆ ಗಟ್ಟಿ ರಟ್ಟನ್ನು ಕತ್ತರಿಸಿ, ಬೀಡಿಂಗಿಲ್ಲದೆ ಚೌಕಟ್ಟಿನ ಬಾಯಿಗೆ ಹಿಡಿದು ನೋಡಿ. ಸುತ್ತಲೂ ಒಂದೇ ಸಮನಾದ ಸಂದು ಕಾಣಬೇಕು, ಮತ್ತು ಆ ಸಂದು ಬೀಡಿಂಗಿನ ಎರಡು ಸೀಳುಗಳ ನಡುವಿನ ರಬ್ಬರಿನ ದಪ್ಪಕ್ಕಿಂತ ಕಡಿಮೆಯಿರಬಾರದು. ಹಳೆಯ ಗಾಜಿನ ಅಳತೆಗೇ ಕತ್ತರಿಸಿದ್ದೇವೆ ಎನ್ನುವುದು ಇಲ್ಲಿ ಸಮಾಧಾನವಲ್ಲ, ಏಕೆಂದರೆ ಈಗಿರುವ ಚೌಕಟ್ಟು ಹಳೆಯದಲ್ಲ.

ಗಾಜಿನ ದಪ್ಪವನ್ನೂ ಕೇಳಿ ತಿಳಿದುಕೊಳ್ಳಿ. ಈ ಲಾರಿಯ ಬೀಡಿಂಗ್ ಕಾಲು ಇಂಚಿನ, ಅಂದರೆ ಸುಮಾರು 6.35 ಮಿ.ಮೀ. ಗಾಜಿನ ಲೆಕ್ಕದ್ದು. ಪೇಟೆಯಲ್ಲಿ 3 ಮಿ.ಮೀ.ನ ಎರಡು ಗಾಜುಗಳ ನಡುವೆ 0.38 ಮಿ.ಮೀ. ಹಾಳೆಯಿಟ್ಟ 6.38ರ ಗಾಜು ಸಿಗುತ್ತದೆ, ಅದು ಹೇಳಿಮಾಡಿಸಿದಂತೆ ಹೊಂದುತ್ತದೆ. ಹಾಳೆ 0.76 ಆಗಿದ್ದರೆ ಒಟ್ಟು 6.76 ಆಗಿ, ಮೊದಲೇ ಬಿಗಿಯಿರುವ ಬೀಡಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಅಗ್ಗವೆಂದು ಯಾರಾದರೂ ಟಫನ್ಡ್ ಗಾಜು (ಕಾಯಿಸಿ ತಟ್ಟನೆ ತಣಿಸಿ ಗಟ್ಟಿಮಾಡಿದ ಒಂಟಿ ಗಾಜು) ಕೊಡಬಂದರೆ ಒಪ್ಪಬೇಡಿ. ಅದನ್ನು ಟಫನ್ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ. ಕಲ್ಲು ಬಡಿದರೆ ಇಡೀ ಗಾಜು ಒಮ್ಮೆಗೇ ಪುಡಿಯಾಗಿ ಮಡಿಲಿಗೆ ಬೀಳುತ್ತದೆ.

ಬಸ್_ಬಾಡಿ_ಹುಬ್ಬಳ್ಳಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಕೂರಿಸುವ ಕ್ರಮದ ಬಗ್ಗೆ ನಾನು ಬರೆಯುತ್ತೇನೆ, ಬಸ್ಸುಗಳ ಗಾಜು ಕೂರಿಸುವುದೇ ನನ್ನ ಕಸುಬು.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಬಸ್ಸಿನ ಬೀಡಿಂಗಿನಲ್ಲಿ ಬಹುಮಟ್ಟಿಗೆ ಒಂದು ಲಾಕ್ ಪಟ್ಟಿ ಇರುತ್ತದೆ. ಗಾಜು ಸಡಿಲವಾಗಿ ಕುಳಿತ ಮೇಲೆ ಆ ಪಟ್ಟಿಯನ್ನು ತುರುಕಿದರೆ ಬೀಡಿಂಗ್ ಗಾಜನ್ನು ಕಚ್ಚಿ ಹಿಡಿಯುತ್ತದೆ. ನಿಮ್ಮ ಷೆವರ್ಲೆಯಲ್ಲಿ ಆ ಅನುಕೂಲವಿಲ್ಲ, ಬೀಡಿಂಗ್ ತನ್ನ ಬಿಗಿಯಿಂದಲೇ ಹಿಡಿಯಬೇಕು. ಬಸ್ಸಿನ ಕೈಗೆ ಅಭ್ಯಾಸವಾದವರು ಇಲ್ಲಿಯೂ ಅದೇ ಜೋರಿನಿಂದ ಅದುಮಿದರೆ ಗಾಜು ಹೋಗುತ್ತದೆ.

ಎರಡು ಹೋಳುಗಳನ್ನೂ ನಡುಪಟ್ಟಿಯನ್ನೂ ಬೀಡಿಂಗನ್ನೂ ಮೇಜಿನ ಮೇಲೆಯೇ ಜೋಡಿಸಿಕೊಂಡು ಒಂದೇ ಘಟಕವಾಗಿ ಎತ್ತಬೇಕು. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಎರಡು ಹೋಳುಗಳು ಒಂದೇ ಸಮತಲದಲ್ಲಿಲ್ಲ, ನಡುಪಟ್ಟಿಯಲ್ಲಿ ಸ್ವಲ್ಪ ಮುಂದಕ್ಕೆ ಚೂಪಾಗಿ ಕೂಡುತ್ತವೆ. ಚಪ್ಪಟೆ ಮೇಜಿನ ಮೇಲೆ ಮಲಗಿಸಿ ಪಟ್ಟಿಯನ್ನು ಬಿಗಿದರೆ ಆ ಕೋನ ಹಾಳಾಗಿ, ಚೌಕಟ್ಟಿಗೆ ಹಿಡಿದಾಗ ನಾಲ್ಕು ಮೂಲೆಗಳಲ್ಲಿ ಒಂದು ಯಾವಾಗಲೂ ಹೊರಗೆ ನಿಲ್ಲುತ್ತದೆ. ಹೊರಮೈ ಮೇಲಿರುವಂತೆ ಮಲಗಿಸಿ, ನಡುವಿನ ಕೆಳಗೆ ಕಂಬಳಿಯನ್ನು ಸುತ್ತಿಟ್ಟು, ಚೌಕಟ್ಟಿನಿಂದ ತೆಗೆದ ರಟ್ಟಿನ ಅಚ್ಚಿನೊಂದಿಗೆ ಕೋನವನ್ನು ಹೋಲಿಸಿ ನೋಡಿರಿ. ನಡುಪಟ್ಟಿಯನ್ನು ಆಗ ಪೂರ್ತಿ ಬಿಗಿಯಬಾರದು. ಎಲ್ಲವೂ ಚೌಕಟ್ಟಿನಲ್ಲಿ ಕುಳಿತ ಮೇಲೆ ಬಿಗಿಯಬೇಕು.

ಬೀಡಿಂಗಿನ ಹೊರ ಸೀಳಿನಲ್ಲಿ, ಅಂದರೆ ತಗಡು ಕೂರುವ ಸೀಳಿನಲ್ಲಿ, 5–6 ಮಿ.ಮೀ. ದಪ್ಪದ ನಯವಾದ ನೈಲಾನ್ ಹುರಿಯನ್ನು ಸುತ್ತ ಕೂರಿಸಿ, ಎರಡು ತುದಿಗಳನ್ನು ಕೆಳ ಅಂಚಿನ ನಡುವೆ ಒಂದು ಗೇಣಿನಷ್ಟು ಒಂದರ ಮೇಲೊಂದು ಹಾಯಿಸಿ ಒಳಗೆ ಇಳಿಬಿಡಿ. ಸೀಳಿಗೂ ತಗಡಿಗೂ ಸೋಪಿನ ನೀರನ್ನು ಧಾರಾಳವಾಗಿ ಹಚ್ಚಿ. ಗ್ರೀಸು, ಎಂಜಿನ್ ಎಣ್ಣೆ, ಸೀಮೆಎಣ್ಣೆ ಬೇಡ. ಅವು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ, ಸೋಪು ಒಣಗಿ ಸುಮ್ಮನಾಗುತ್ತದೆ. ಬಿಸಿಲಿದ್ದರೆ ಬೀಡಿಂಗನ್ನು ಮೊದಲೇ ಬಿಸಿಲಿಗೆ ಹರಡಿ, ಮೋಡವಿದ್ದರೆ ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿಡಿ.

ಹೊರಗೆ ಇಬ್ಬರು ಘಟಕವನ್ನು ಚೌಕಟ್ಟಿಗೆ ಒರಗಿಸಿ ಹಿಡಿಯಲಿ. ಒಳಗಿನವರು ಹುರಿಯನ್ನು ತಮ್ಮ ಕಡೆಗೆ ನೇರವಾಗಿ ಎಳೆಯದೆ, ಗಾಜಿನ ಮೈಗೆ ಒರಸಿದಂತೆ ಅದರ ನಡುವಿನತ್ತ ಎಳೆಯಬೇಕು. ಆಗ ಬೀಡಿಂಗಿನ ಒಳನಾಲಿಗೆ, ಅಂದರೆ ಸೀಳಿನ ಒಳಬದಿಯ ರಬ್ಬರ್ ಅಂಚು, ತಗಡನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಹುರಿ ಎಲ್ಲಿದೆಯೋ ಸರಿಯಾಗಿ ಅದರ ಎದುರಿನಲ್ಲಿ ಹೊರಗಿನವರು ಅಂಗೈಯಿಂದ ಬೀಡಿಂಗಿನ ಮೇಲೆ ತಟ್ಟುತ್ತಾ ಬರಬೇಕು, ಗಾಜಿನ ನಡುವನ್ನು ಮುಟ್ಟಬಾರದು. ಕೆಳ ಅಂಚು ಮುಗಿದ ಮೇಲೆ ಎರಡೂ ಬದಿಗಳನ್ನು ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಏರಿಸಿಕೊಂಡು ಹೋಗಿ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಗಾಜು ಆ ಕಡೆಗೆ ಜರುಗಿ, ಕೊನೆಯ ಮೂಲೆಗೆ ಜಾಗವೇ ಉಳಿಯುವುದಿಲ್ಲ. ಹುರಿ ಎಲ್ಲಿಯಾದರೂ ನಿಂತರೆ ಜೋರು ಮಾಡದೆ ನಿಲ್ಲಿಸಿ, ನಾಲಿಗೆ ಎಲ್ಲಿ ಮಡಚಿಕೊಂಡಿದೆ ಎಂದು ನೋಡಿ, ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಬಿಡಿಸಿ ಮುಂದುವರಿಯಿರಿ.

ಅಡಿ ಲೆಕ್ಕದ ಬೀಡಿಂಗ್ ನನ್ನ ಅಭಿಪ್ರಾಯದಲ್ಲಿ ಕೆಟ್ಟದ್ದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಳತೆ ನೋಡಿ ಆರಿಸಿದರೆ ಸಮತಟ್ಟು ಗಾಜಿಗೆ ಹೊಂದುವಂಥದ್ದು ಸಿಗುತ್ತದೆ. ಬೇಕಾದ ಉದ್ದಕ್ಕಿಂತ ಒಂದೆರಡು ಸೆಂ.ಮೀ. ಹೆಚ್ಚಾಗಿ ಕತ್ತರಿಸಿ, ಜೋಡಣೆಯನ್ನು ಮೇಲಿನ ಅಂಚಿಗೆ ಇಡಿ. ನೀರು ನಿಲ್ಲುವುದು ಕೆಳಗೆ, ಜೋಡಣೆಗೆ ಅಲ್ಲೇನು ಕೆಲಸ?

ಓಹಾಯೊ_ಕನ್ನಡಿಗ

ಇಲ್ಲಿ ನನ್ನ ಬಳಿ ಇದೇ ಕಾಲದ ಷೆವರ್ಲೆ 3100 ಪಿಕಪ್ ಇದೆ. ಪಿಕಪ್‌ಗೂ ನಿಮ್ಮ ದೊಡ್ಡ ಲಾರಿಗೂ ಕ್ಯಾಬಿನ್ ಮೂಲತಃ ಒಂದೇ ಆದ್ದರಿಂದ ಬರೆಯುತ್ತಿದ್ದೇನೆ. 1947ರಿಂದ 1953ರವರೆಗಿನ ಗಾಡಿಗಳಿಗೆ ಮಾತ್ರ ಈ ಎರಡು ಹೋಳಿನ ಗಾಜು. 1954ರಲ್ಲಿ ಒಂದೇ ತುಂಡಿನ ಬಾಗಿದ ಗಾಜು ಬಂದಿತು. ತರಿಸಿರುವ ಬೀಡಿಂಗಿನ ಪೊಟ್ಟಣದ ಮೇಲೆ ಯಾವ ವರ್ಷ ನಮೂದಾಗಿದೆ ಎಂಬುದನ್ನು ಮೊದಲು ಓದಿ ನೋಡಿ.

ಅಡಿ ಲೆಕ್ಕದ ಬೀಡಿಂಗಿನ ಬಗ್ಗೆ ಹುಬ್ಬಳ್ಳಿಯವರ ಮಾತನ್ನು ನಾನು ಒಪ್ಪಲಾರೆ. ಈ ಗಾಡಿಗೆಂದೇ ಮಾಡಿದ ಬೀಡಿಂಗಿನ ಮೂಲೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ನೇರ ಪಟ್ಟಿಯನ್ನು ಮೂಲೆಯಲ್ಲಿ ಬಗ್ಗಿಸಿದರೆ ಒಳಬದಿ ಸುಕ್ಕುಗಟ್ಟಿ, ಹೊರಬದಿಯ ನಾಲಿಗೆ ತಗಡಿನಿಂದ ಮೇಲೆದ್ದು ನಿಲ್ಲುತ್ತದೆ. ನಿಮ್ಮ ಲಾರಿಯಲ್ಲಿ ತುಕ್ಕು ಹಿಡಿದದ್ದೂ ಮೂಲೆಗಳೇ ಅಲ್ಲವೇ? ಗಟ್ಟಿಯೆನಿಸಿದರೂ ತರಿಸಿದ ಬೀಡಿಂಗನ್ನೇ ಬಳಸಿ.

ನಿಮ್ಮದು ಹೊಳೆಯುವ ಸ್ಟೀಲ್ ಪಟ್ಟಿಯಿರುವ ಡಿಲಕ್ಸ್ ಮಾದರಿಯಾಗಿದ್ದರೆ ಅದಕ್ಕೆ ಬೇರೆಯೇ ಬೀಡಿಂಗ್ ಬೇಕು, ಮತ್ತು ಆ ಪಟ್ಟಿಯನ್ನು ಮೇಜಿನ ಮೇಲೆಯೇ ಬೀಡಿಂಗಿಗೆ ಸೇರಿಸಿಕೊಳ್ಳುವುದು ಲೇಸು.

ತೋಟದ_ಲಾರಿ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಪರೀಕ್ಷಿಸಿದೆ. ಉಗುರು ಸಿಕ್ಕಿದ್ದು ಹೊರಮೈಯಲ್ಲಿ. ಮೇಲಿನ ಅಂಚಿನಲ್ಲಿ ತಗಡಿನ ದಪ್ಪ ಎರಡು ಮಿ.ಮೀ.ಗೆ ತುಸು ಹೆಚ್ಚು ಬಂದರೆ, ಬೆಸುಗೆ ಹಾಕಿದ ಮೂಲೆಯಲ್ಲಿ ನಾಲ್ಕನ್ನು ದಾಟುತ್ತದೆ. ರಟ್ಟನ್ನು ಹಿಡಿದಾಗ ಅದೇ ಮೂಲೆಯಲ್ಲಿ ಸಂದು ಕಾಣಿಸಲೇ ಇಲ್ಲ. ಗಾಜು 6.38ರದ್ದೇ, ಪಟ್ಟಿ ಡಿಲಕ್ಸ್ ಅಲ್ಲ. ಆ ಮೂಲೆಯನ್ನು ಬಣ್ಣದ ಸಮೇತ ಬಿಚ್ಚಲೇಬೇಕೇ, ಅಥವಾ ಗಾಜಿನ ಮೂಲೆಯನ್ನು ಸ್ವಲ್ಪ ಉಜ್ಜಿ ಸರಿಹೊಂದಿಸಬಹುದೇ? ಸಿಲಿಕಾನ್ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಗಾಜು_ಮತ್ತು_ತಗಡು

ಗಾಜನ್ನು ಉಜ್ಜಿದರೆ ಸಂದು ಸಿಗುತ್ತದೆ, ತಗಡಿನ ದಪ್ಪ ಇಳಿಯುವುದಿಲ್ಲ. ನಿಮ್ಮ ತೊಂದರೆಯಿರುವುದು ಎರಡರಲ್ಲಿಯೂ. ಹೊರಮೈ ಬಿರಿದಿರುವುದೂ ಅದನ್ನೇ ಹೇಳುತ್ತದೆ: ದಪ್ಪ ತಗಡನ್ನು ಬೀಡಿಂಗಿನ ಸೀಳು ನುಂಗಲಾರದೆ ನಿಂತಿದೆ, ಅವರು ಮೂಲೆಯನ್ನು ಒತ್ತಿದ್ದಾರೆ. ಆ ಮೂಲೆಯನ್ನು ಬಿಚ್ಚಿಯೇ ಸರಿಮಾಡಿಸಿ. ಹೊದಿಸಿದ ತಗಡನ್ನು ತೆಗೆದು, ಹಳೆಯ ಅಂಚಿಗೆ ಹೊಸದನ್ನು ಮುಖಾಮುಖಿಯಾಗಿ ಕೂಡಿಸಿ ಬೆಸೆದು, ಬೆಸುಗೆಯ ಉಬ್ಬನ್ನು ಗ್ರೈಂಡರಿನಲ್ಲಿ ಮಟ್ಟಮಾಡಲಿ. ಅಂಚಿನ ಮೇಲೆ ಪುಟ್ಟಿ ಬೇಡವೇ ಬೇಡ, ಬೀಡಿಂಗ್ ಅದನ್ನು ಮುಚ್ಚುವುದರಿಂದ ಅಲ್ಲಿ ಅಂದಕ್ಕೆ ಕೆಲಸವಿಲ್ಲ. ತುಕ್ಕು ತಡೆಯುವ ಪ್ರೈಮರ್ ಮತ್ತು ತೆಳುವಾದ ಬಣ್ಣ ಸಾಕು. ಬಣ್ಣ ಒಳಗಿನವರೆಗೆ ಗಟ್ಟಿಯಾಗುವ ಮೊದಲು ಗಾಜು ಕೂರಿಸಬೇಡಿ, ಇಲ್ಲದಿದ್ದರೆ ಹುರಿ ಬಣ್ಣವನ್ನು ಕಿತ್ತುಕೊಂಡು ಬರುತ್ತದೆ. ಹೊಸ ಗಾಜನ್ನು ಆ ಚೌಕಟ್ಟಿನಿಂದ ತೆಗೆದ ರಟ್ಟಿನ ಅಚ್ಚಿಗೇ ಕತ್ತರಿಸಿರಿ, ಸುತ್ತಲಿನ ಅಂಚನ್ನು ನಿಮ್ಮ ಎದುರಿಗೇ ಉಜ್ಜಿಸಿಕೊಳ್ಳಿ.

ಸಿಲಿಕಾನಿನ ಬಗ್ಗೆ: ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ, ವಿನೆಗರಿನ ವಾಸನೆಯಿರುವ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅದು ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ, ಲ್ಯಾಮಿನೇಟೆಡ್ ಗಾಜಿನ ಅಂಚಿನಿಂದ ಒಳಹೊಕ್ಕು ನಡುವಿನ ಹಾಳೆಯನ್ನೂ ಕೆಡಿಸಬಲ್ಲದು. ಹಳೆಯ ಗಾಜುಗಳ ಅಂಚಿನಲ್ಲಿ ಕಾಣುವ ಹಾಲಿನಂಥ ಬಿಳುಪು ಪದರಗಳು ಬಿಟ್ಟುಕೊಂಡದ್ದರ ಗುರುತು. ಅಲ್ಲದೆ ಗಟ್ಟಿಯಾಗುವ ಯಾವ ವಸ್ತುವನ್ನು ಹಾಕಿದರೂ ಮುಂದೆ ಗಾಜನ್ನು ಇಡಿಯಾಗಿ ತೆಗೆಯಲು ಬರುವುದಿಲ್ಲ. ಮೊದಲು ಏನನ್ನೂ ಹಾಕದೆ ಕೂರಿಸಿ, ನಂತರ ಒಳಗೆ ಒಬ್ಬರನ್ನು ಕೂರಿಸಿ, ಪೈಪಿನಲ್ಲಿ ಜೋರಿಲ್ಲದೆ ನೀರು ಬಿಡಿ; ಕೆಳ ಅಂಚಿನಿಂದ ಆರಂಭಿಸಿ ನಿಧಾನವಾಗಿ ಮೇಲೇರಿ, ಆಗ ಸೋರಿಕೆ ಯಾವ ಮಟ್ಟದಲ್ಲಿ ಆರಂಭವಾಯಿತೆಂದು ತಿಳಿಯುತ್ತದೆ. ಸೋರಿದ ಕಡೆಯಲ್ಲಿ ಮಾತ್ರ ಬೀಡಿಂಗಿನ ಹೊರನಾಲಿಗೆಯನ್ನೆತ್ತಿ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯೂಟೈಲ್ ಸೀಲಂಟನ್ನು ಸಣ್ಣ ಮೂತಿಯ ಗನ್ನಿನಿಂದ ತುಂಬಿ.

ಗಾಜಿನ ಕೆಳಗೆ, ಬಾನೆಟ್ಟಿನ ಹಿಂದೆ, ಗಾಳಿ ಬರಲೆಂದು ತೆರೆಯುವ ಮುಚ್ಚಳವೊಂದಿದೆಯಲ್ಲ, ಅದಕ್ಕೂ ಒಂದು ರಬ್ಬರಿದೆ. ಅದು ಸೋರಿದರೂ ನೀರು ಡ್ಯಾಶಿನ ಕೆಳಗೇ ಇಳಿಯುವುದರಿಂದ ಎಲ್ಲರೂ ಗಾಜನ್ನೇ ದೂರುತ್ತಾರೆ. ಪರೀಕ್ಷೆ ಮಾಡುವಾಗ ಅದರ ಮೇಲೆ ಟೇಪು ಅಂಟಿಸಿರಿ.